ಹಕಾರವೂ ಮುಂದಿನ ಸೊನ್ನೆಯೂ

ಕನ್ನಡಕ ಒರೆಸುವ ಮೊದಲು ಗಾಜನ್ನು ಬಾಯಿಯ ಹತ್ತಿರ ತಂದು "ಹಾ" ಎಂದು ಉಸಿರು ಬಿಡುತ್ತೇನೆ. ಎಲ್ಲರೂ ಬಿಡುತ್ತಾರೆ, ಇದೇನು ದೊಡ್ಡ ವಿಷಯ ಎನ್ನುತ್ತೀರಿ. ನಿಜ. ಆದರೆ ನನಗೆ ಕನ್ನಡಕ ಬಂದದ್ದು ನಲವತ್ತು ದಾಟಿದ ಮೇಲೆ. ಹಾ ಎಂದು ಉಸಿರು ಬಿಡಲು ಕಲಿತದ್ದು ಹತ್ತನೆಯ ವಯಸ್ಸಿನಲ್ಲಿ, ಅದೂ ಇನ್ನೊಬ್ಬರ ಕನ್ನಡಕದ ಮೇಲೆ.

ಆ ಕನ್ನಡಕ ಹಾಸನದಲ್ಲಿ ನಾನಿದ್ದ ಕಾನ್ವೆಂಟ್ ಬೋರ್ಡಿಂಗಿನ ಸಿಸ್ಟರ್ ಒಬ್ಬರದು. ಮಂಗಳೂರು ಕಡೆಯವರು. ಹೆಸರು ಹೇಳುವುದಿಲ್ಲ. ಈಗ ಸ್ವರ್ಗದಲ್ಲಿದ್ದಾರೆ, ಅಲ್ಲಿಯೂ ಯಾರದಾದರೂ ಉಚ್ಚಾರಣೆ ತಿದ್ದುತ್ತಿರಬೇಕು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಿಂದ ಬಂದ ನಮ್ಮಂಥ ಹುಡುಗಿಯರಿಗೆಲ್ಲ ಒಂದೇ ಕಾಯಿಲೆ: ಹಕಾರ ಬಾಯಿಗೆ ಬರುತ್ತಿರಲಿಲ್ಲ. ಹಾಲು ಆಲು ಆಗುತ್ತಿತ್ತು, ಹೊಳೆ ಒಳೆ ಆಗುತ್ತಿತ್ತು, ಹಾಸನವೇ ಆಸನ ಆಗುತ್ತಿತ್ತು. ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಆಸನಾ, ಆಸನಾ" ಎಂದು ಕೂಗುತ್ತಾನೆ. ಒಳಗೆ ಹತ್ತಿ ನೋಡಿದರೆ ಒಂದೇ ಒಂದು ಆಸನವೂ ಖಾಲಿ ಇರುವುದಿಲ್ಲ.

ಸಿಸ್ಟರ್ ತಮ್ಮ ಕನ್ನಡಕ ತೆಗೆದು ನಮ್ಮ ಮೂತಿಯ ಮುಂದೆ ಹಿಡಿದು "ಸೇ ಹಾಸನ" ಎನ್ನುತ್ತಿದ್ದರು. ಗಾಜಿಗೆ ಮಂಜು ಕವಿದರೆ ಪಾಸು. ಗಾಜು ತಿಳಿಯಾಗಿಯೇ ಉಳಿದರೆ ಆ ದಿನ ಸಂಜೆ ಆಟವಿಲ್ಲ. ನಾನು ಎರಡು ತಿಂಗಳು ಆಟವಿಲ್ಲದೆ ಕಳೆದೆ. ಆಮೇಲೆ ಒಂದು ದಿನ ಮಂಜು ಕವಿಯಿತು. ಎಷ್ಟು ಕವಿಯಿತೆಂದರೆ, ಮುಂದೆ ಆರು ತಿಂಗಳು ನಾನು ಅಗತ್ಯವಿದ್ದಲ್ಲಿ ಇಲ್ಲದಲ್ಲಿ ಎಲ್ಲ ಕಡೆಯೂ ಹಕಾರ ತುಂಬಿದೆ. ಮನೆಗೆ ಬರೆದ ಕಾಗದದಲ್ಲಿ "ಹಕ್ಕಿ ಕಳಿಸಬೇಡಿ, ಇಲ್ಲಿಯೇ ಚೆನ್ನಾಗಿ ಕೊಡುತ್ತಾರೆ" ಎಂದು ಬರೆದಿದ್ದೆ. ಅಕ್ಕಿಯ ಮಾತು.

ಈ ಹಳೆಯ ಧೂಳನ್ನೆಲ್ಲ ಈಗ ಎಬ್ಬಿಸಿದವಳು ನಮ್ಮ ಮಹಡಿಯ ಮೇಲಿನ ರೂಮಿನಲ್ಲಿರುವ ಚಂದನಾ. ಇಪ್ಪತ್ತೆಂಟು ವರ್ಷದ ಹುಡುಗಿ. ಊರು ದಂಡಿಗನಹಳ್ಳಿ. ಹೊಳೆನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕೆಲಸ ಕಾಯಂ ಅಲ್ಲ, ವರ್ಷಕ್ಕೊಮ್ಮೆ ಮುಗಿದು ವರ್ಷಕ್ಕೊಮ್ಮೆ ಶುರುವಾಗುವಂಥದು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಓಡುವಾಗ ನನ್ನ ಅಡುಗೆಮನೆಯ ಕಿಟಕಿಗೆ ಮುಖವಿಟ್ಟು "ಬತ್ತೀನಿ ಮಿಸ್" ಎನ್ನದೆ ಹೋಗುವವಳಲ್ಲ. ನಾನು ಮೂವತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಗೇಟಿನ ಬೋರ್ಡಿನಲ್ಲಿ "ಮಿಸ್ ಎಚ್. ಬಸಪ್ಪ" ಎಂದಿದೆ. ಬಸಪ್ಪ ನನ್ನ ತಂದೆ. ಕಾನ್ವೆಂಟಿನ ರಿಜಿಸ್ಟರಿನಲ್ಲಿ ಸರ್‌ನೇಮ್ ಎಂಬ ಕಾಲಂ ಇತ್ತು, ನಮ್ಮ ಮನೆತನಕ್ಕೆ ಅದಿರಲಿಲ್ಲ. ಸಿಸ್ಟರ್ ಅಪ್ಪನ ಹೆಸರನ್ನೇ ಅಲ್ಲಿಗೆ ತುಂಬಿಸಿದರು. ಹೀಗೆ ಒಂದು ಮೀಸೆಯ ಹೆಸರು ಹೊತ್ತುಕೊಂಡು ಒಬ್ಬ ಮಿಸ್ ಜೀವಮಾನವಿಡೀ ಓಡಾಡಿದಳು.

ಬಂದ ಹೊಸತರಲ್ಲಿ ಚಂದನಾ ಕೇಳಿದ್ದಳು: "ಎಚ್ ಅಂದ್ರೆ ಏನ್ ಮಿಸ್?"

"ಇನಿಶಿಯಲ್," ಎಂದಿದ್ದೆ.

"ಅದ್ ಗೊತ್ತು ಮಿಸ್. ಪೂರ್ತಿ ಎಸ್ರು?"

"ಹಾಲು ಉಕ್ಕುತ್ತಿದೆ," ಎಂದು ಒಳಗೆ ಹೋಗಿದ್ದೆ. ಒಲೆಯ ಮೇಲೆ ಹಾಲಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಸಂಜೆ ಅವಳು ಮೆಟ್ಟಿಲು ಹತ್ತದೆ ನನ್ನ ಜಗುಲಿಯಲ್ಲಿಯೇ ಕುಳಿತುಬಿಟ್ಟಳು. ಚಪ್ಪಲಿ ಸಹ ಬಿಚ್ಚಿರಲಿಲ್ಲ. ಅಂದು ಅವಳ ಡೆಮೊ ಕ್ಲಾಸ್ ಇತ್ತು. ಪ್ರಿನ್ಸಿಪಾಲರು, ಇನ್ನೊಬ್ಬರು ಸೀನಿಯರ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ, ಒಪ್ಪಿಗೆಯಾದರೆ ಕೆಲಸ ಕಾಯಂ.

"ಏನಾಯಿತು?"

"ಪ್ರಿನ್ಸಿಪಾಲ್ರು ಎದ್ದು ನಿಂತ್ಕಬುಟ್ರು ಮಿಸ್."

"ಅಷ್ಟು ಚೆನ್ನಾಗಿತ್ತಾ ಪಾಠ?"

"ಅಯ್ಯೋ, ಅಂಗಲ್ಲ ಮಿಸ್!" ಅವಳಿಗೆ ನಗುವೋ ಅಳುವೋ ತಿಳಿಯದಂತಾಗಿತ್ತು. "ಪಾಠ ಎಲ್ಲಾ ಮುಗೀತು. ಕೊನೇಲಿ ಮರ್ಯಾದೆಯಾಗಿ ಕೇಳ್ದೆ, ಡೌಟ್ ಇದ್ರೆ ಏಳಿ ಸಾ ಅಂತ. ಅವ್ರು ಧಾರವಾಡ್ದ ಕಡೆಯೋರು. ಸುತ್ತ ಮುತ್ತ ನೋಡುದ್ರು, ಮೆಲ್ಲಗೆ ಎದ್ದು ನಿಂತ್ಕಂಡ್ರು. ನಾನು ಇನ್ನೊಂದ್ಸಲ ಏಳಿ ಸಾ ಅಂದೆ. 'ಎದ್ದೀನಲ್ರೀ' ಅಂದ್ರು."

ನಾನು ನಗಬಾರದಿತ್ತು. ನಕ್ಕೆ. ಅವಳೂ ನಕ್ಕಳು, ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಸೀನಿಯರ್ ಮೇಡಂ ಅಚ್ಚುಕಟ್ಟಾದ ಕೈಬರಹದಲ್ಲಿ ಬರೆದಿದ್ದರು: ಸಬ್ಜೆಕ್ಟ್ ಗುಡ್, ಪ್ರನನ್ಸಿಯೇಷನ್ ಟು ಬಿ ಇಂಪ್ರೂವ್ಡ್. ಮೂರು ವಾರದಲ್ಲಿ ಇನ್ನೊಂದು ಅವಕಾಶ. ಅದೂ ಹೋದರೆ ಏಪ್ರಿಲ್‌ಗೆ ಕೆಲಸ ಮುಗಿಯಿತು. ಇದು ಅವಳ ಮೂರನೆಯ ಕಾಲೇಜು. ಚನ್ನರಾಯಪಟ್ಟಣದಲ್ಲಿ ಅಣ್ಣನ ಗೊಬ್ಬರದ ಅಂಗಡಿಯಿದೆ. ಬಂದು ಬಿಲ್ ಹಾಕಿಕೊಂಡು ಕೂತಿರು ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದಾನೆ.

"ಅಲ್ಲೂ ಕಂಪ್ಯೂಟರ್ರೇ ತಾನೆ ಅಂತಾನೆ ಮಿಸ್. ನಂಗೆ ಕಂಪ್ಯೂಟರ್ ಬ್ಯಾಡ, ಕ್ಲಾಸ್ ಬೇಕು. ನೀವು ಇಂಗ್ಲಿಷ್ ಮಿಸ್ಸು. ನಂಗೆ ಎಚ್ ಕಲ್ಸಿಕೊಡಿ."

ನೋಡಿ, ಎಲ್ಲಿಂದ ಎಲ್ಲಿಗೆ ಬಂತು. ಸಿಸ್ಟರ್ ಸ್ಥಾನದಲ್ಲಿ ನಾನು. ನನ್ನ ಮುಖದ ಮೇಲೆ ಕನ್ನಡಕವೂ ಇತ್ತು.

ಪ್ರತಿ ಸಂಜೆ ಅರ್ಧ ಗಂಟೆ ಹಕಾರ, ಅರ್ಧ ಗಂಟೆ ಅವಳ ಪಾಠದ ರಿಹರ್ಸಲ್ ಎಂದು ಒಪ್ಪಂದವಾಯಿತು. ಕೇಳುವ ವಿದ್ಯಾರ್ಥಿನಿ ನಾನೊಬ್ಬಳೇ. ಎರಡನೆಯ ಡೆಮೊಗೆ ಅವಳಿಗೆ ಕೊಟ್ಟ ವಿಷಯ "ಇಂಪ್ಲಿಸಿಟ್ ಟೈಪ್ ಕೊಅರ್ಷನ್". ಹೆದರಬೇಡಿ, ನಾನೂ ಹೆದರಿದ್ದೆ. ಕಂಪ್ಯೂಟರಿನ ಭಾಷೆಗಳಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾತಿಯಿರುತ್ತದಂತೆ. ಅಂಕಿ ಒಂದು ಜಾತಿ, ಅಕ್ಷರ ಒಂದು ಜಾತಿ, ಹೌದು-ಅಲ್ಲ ಎಂಬುದು ಇನ್ನೊಂದು ಜಾತಿ. ಕೊಟೇಶನ್ ಮಾರ್ಕಿನೊಳಗೆ ಬರೆದ ಐದು ಅಂಕಿಯಲ್ಲ. ನೋಡಲು ಐದು, ಜಾತಿಯಲ್ಲಿ ಅಕ್ಷರ. ಈ ಎರಡು ಜಾತಿ ಒಂದೇ ಪಂಕ್ತಿಯಲ್ಲಿ ಕೂತಾಗ ಏನಾಗುತ್ತದೆ ಎಂಬುದೇ ಪಾಠ.

"ಪೈಥಾನ್ ಅಂತ ಒಂದು ಭಾಷೆ ಅದೆ ಮಿಸ್," ಎಂದು ಅವಳು ನನ್ನ ಫ್ರಿಜ್ಜಿನ ಬಾಗಿಲನ್ನೇ ಬೋರ್ಡ್ ಮಾಡಿಕೊಂಡು ಬೆರಳಿನಲ್ಲಿ ಬರೆದಳು. "ಅದ್ಕೆ ಅಕ್ಷರದ ಐದ್ನೂ ಅಂಕಿಯ ಎರಡ್ನೂ ಕೂಡ್ಸು ಅಂದ್ರೆ, ಆಗಲ್ಲ, ಟೈಪ್ ಎರರ್ ಅಂತ ಕೈ ಕಟ್ಕಂಡ್ ನಿಂತ್ಕತದೆ. ಜಾವಾಸ್ಕ್ರಿಪ್ಟ್ ಅಂಗಲ್ಲ. ಯಾರ್ನೂ ಕೇಳಾಕಿಲ್ಲ, ಅಂಕೀನ ಸದ್ದಿಲ್ದೆ ಅಕ್ಷರ ಮಾಡ್ಕಂಡು ಐವತ್ತೆರಡು ಅಂತ ಅಂಟುಸ್ಬುಡ್ತದೆ. ಅದೇ ಐದ್ರಲ್ಲಿ ಎರಡು ಕಳಿ ಅಂದ್ರೆ ಈಗ ಅಕ್ಷರಾನ ಅಂಕಿ ಮಾಡ್ಕತದೆ. ಮೂರು!"

"ಕೂಡಿಸಿದರೆ ಐವತ್ತೆರಡು, ಕಳೆದರೆ ಮೂರು?"

"ಊ ಮಿಸ್."

"ದಿಸ್ ಈಸ್ ನಾಟ್ ಅ ಲಾಂಗ್ವೇಜ್. ದಿಸ್ ಈಸ್ ಮೈ ಅತ್ತೆ," ಎಂದೆ. ಸೋದರತ್ತೆ. ಅವರಿಗೂ ಯಾವಾಗ ಏನೆಂದು ಅರ್ಥವಾಗುತ್ತದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಕೊಅರ್ಷನ್ ಎಂಬ ಪದ ಮಾತ್ರ ನನಗೆ ಹಿಡಿಸಲಿಲ್ಲ. ಡಿಕ್ಷನರಿಯಲ್ಲಿ ಅದಕ್ಕೆ ಬಲವಂತ ಎಂದಿದೆ. ಇಲ್ಲಿ ಯಾರೂ ಯಾರ ಕೈಯನ್ನೂ ತಿರುಚುವುದಿಲ್ಲವಲ್ಲ. ನಮ್ಮ ಕಡೆ ಊಟಕ್ಕೆ ಕೂರಿಸಿ ಮಾಡುವ ಉಪಚಾರದಂಥದು ಇದು. ಅಮ್ಮ ಮುದ್ದೆ ಬಡಿಸುವಾಗ ನೆಂಟರು ಅರ್ಧ ಸಾಕು ಎನ್ನುತ್ತಿದ್ದರು. ಮುದ್ದೆಗೆ ಅರ್ಧವೆಂಬುದು ಎಲ್ಲಿದೆ? ಅದು ಪೂರ್ಣಾಂಕ. ತಟ್ಟೆಗೆ ಇಡೀ ಮುದ್ದೆಯೇ ಬೀಳುತ್ತಿತ್ತು, "ಅರ್ಧಾನೇ ಕಣಣ್ಣ ಇದು" ಎಂಬ ಮಾತಿನ ಸಮೇತ. ಇನ್ನು ಬೇಡ ಎಂಬ ಪದ. ನಮ್ಮಲ್ಲಿ ಒಂದು ಸಲ ಬೇಡ ಎಂದರೆ ಅದು ನಾಚಿಕೆ. ಎರಡು ಸಲ ಎಂದರೆ ಬೇಕು. ಮೂರು ಸಲ ಎಂದರೆ ಮಾತ್ರ ಬೇಡ.

ಇದನ್ನು ಹೇಳಿದಾಗ ಚಂದನಾ ನಿಂತಲ್ಲೇ ಕುಣಿದಳು. "ಮಿಸ್! ಜಾವಾಸ್ಕ್ರಿಪ್ಟಲ್ಲೂ ಅಂಗೇ! ಎರಡು ಸಲ ಈಸ್ ಈಕ್ವಲ್ ಟು ಆಕುದ್ರೆ, ಅದ್ರ ಪಾಡಿಗೆ ಜಾತಿ ಬದ್ಲಾಯ್ಸಿ ನೋಡ್ಕಂಡು, ಎರಡೂ ಒಂದೇ ಅಂದ್ಬುಡ್ತದೆ. ಮೂರು ಸಲ ಆಕುದ್ರೇ ಸ್ಟ್ರಿಕ್ಟು. ಆಗ ಜಾತಿ ಬ್ಯಾರೆ ಇದ್ರೆ ಒಪ್ಪಾಕಿಲ್ಲ!"

ಆ ಸಂಜೆ ಅವಳು ಹಕಾರವನ್ನು ಮರೆತು ಒಂದು ಗಂಟೆ ಮಾತಾಡಿದಳು. ನಾನೂ ಮರೆತೆ. ಆದರೆ ಒಪ್ಪಂದ ಒಪ್ಪಂದವೇ. ಮರುದಿನ ಕನ್ನಡಕ ತೆಗೆದು ಅವಳ ಮುಂದೆ ಹಿಡಿದೆ.

ಹುಡುಗಿ ಬೇಗ ಕಲಿತಳು. ಎರಡನೆಯ ವಾರಕ್ಕೆ ಗಾಜಿನ ಮೇಲೆ ಮಂಜು. ಮೂರನೆಯ ವಾರಕ್ಕೆ, ನನಗೆ ಬಂದಿದ್ದ ಕಾಯಿಲೆಯೇ ಅವಳಿಗೂ. ಅರೇ ಎಂಬ ಕಂಪ್ಯೂಟರಿನ ಪದ ಹರೇ ಆಯಿತು. ಪಾಠ ಕೇಳಿದವರು ಭಜನೆ ಎಂದುಕೊಳ್ಳಬೇಕು. ಆಬ್ಜೆಕ್ಟ್ ಹಾಬ್ಜೆಕ್ಟ್ ಆಯಿತು. "ಹಂಕಿಯನ್ನು ಹಕ್ಷರ ಮಾಡುತ್ತದೆ" ಎಂದಳು ಒಂದು ದಿನ. ಹಾಗೆಂದ ಕೂಡಲೇ ತುಟಿ ಕಚ್ಚಿಕೊಂಡಳು. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆಮೇಲೆ ಅವಳು ಪ್ರತಿ ಪದದ ಮುಂದೆ ನಿಲ್ಲತೊಡಗಿದಳು. ಇದಕ್ಕೆ ಹಕಾರ ಇದೆಯೋ ಇಲ್ಲವೋ ಎಂದು ಒಳಗೇ ಲೆಕ್ಕ ಹಾಕುವುದು ಮುಖದಲ್ಲಿ ಕಾಣುತ್ತಿತ್ತು. ಮಹಡಿಯ ಮೆಟ್ಟಿಲ ಮೇಲೆ ಫೋನಿನಲ್ಲಿ ಅಣ್ಣನೊಂದಿಗೆ ಜಗಳವಾಡುತ್ತಿದ್ದವಳು ಈಗ ಅಲ್ಲೂ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಬೆಳಿಗ್ಗೆ ಕಿಟಕಿಯ ಹತ್ತಿರ ಬರೀ ಕೈ ಬೀಸಿ ಹೋಗುತ್ತಿದ್ದಳು.

ಮಾತು ಕಡಿಮೆಯಾಗುವುದನ್ನು ನಾನು ಹಿಂದೆ ಒಂದು ಸಲ ನೋಡಿದ್ದೇನೆ.

ಡೆಮೊ ಸೋಮವಾರ, ಅದರ ಹಿಂದಿನ ದಿನ ಭಾನುವಾರ ಬೆಳಿಗ್ಗೆ ಕೊನೆಯ ರಿಹರ್ಸಲ್. ಹತ್ತು ನಿಮಿಷದ ಪಾಠಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ನಾನು ಬೀನ್ಸ್ ನಾರು ತೆಗೆಯುತ್ತ ಕೇಳುತ್ತಿದ್ದೆ. ಕೊನೆಯಲ್ಲಿ ರೋಲ್ ನಂಬರಿನ ಉದಾಹರಣೆ ಬಂತು. ಹುಡುಗರ ರೋಲ್ ನಂಬರ್ ಸೊನ್ನೆ ಸೊನ್ನೆ ಏಳು ಎಂದಿಟ್ಟುಕೊಳ್ಳಿ. ಅದರಿಂದ ಏನನ್ನಾದರೂ ಕಳೆಯಲು ಹೊರಟರೆ ಯಂತ್ರ ಅದನ್ನು ಅಂಕಿ ಎಂದು ತಿಳಿಯುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಅವಳಿಗೆ ಸುಸ್ತಾಗಿತ್ತು. ಸುಸ್ತಾದಾಗ ಮನುಷ್ಯರು ನಿಜ ಮಾತಾಡುತ್ತಾರೆ.

"ಆಗ ಮುಂದಿನ ಸೊನ್ನೆ ಒಂಟೋಯ್ತದೆ ಮಿಸ್!" ಎಂದಳು. "ಬೆಲೆ ಇಲ್ವಲ್ಲ ಅಂತ ಯಂತ್ರವೇ ತೆಗ್ದಾಕ್ಬುಡ್ತದೆ. ಬರೀ ಏಳು ಉಳೀತದೆ."

ಹೊರಟುಹೋಗುತ್ತದೆ ಎಂಬುದರ ಮುಂದಿನ ಹಕಾರವೂ ಸೊನ್ನೆಯ ಜೊತೆಯಲ್ಲೇ ಹೊರಟುಹೋಗಿತ್ತು. ನಾನು ಬೀನ್ಸ್ ತಟ್ಟೆ ಕೆಳಗಿಟ್ಟೆ.

"ಇನ್ನೊಮ್ಮೆ ಹೇಳು."

ಅವಳಿಗೆ ಗಾಬರಿ. "ಹೊ... ಹೊರಟು..."

"ಅದಲ್ಲ. ಮೊದಲು ಹೇಳಿದ ಹಾಗೆ."

"ಒಂಟೋಯ್ತದೆ."

"ಯಾಕೆ?"

"ಬೆಲೆ ಇಲ್ಲ ಅಂತ..." ಎಂದವಳು ಅಲ್ಲಿಯೇ ನಿಂತಳು. ಕಣ್ಣು ಅಗಲವಾಯಿತು. "ಅಯ್ಯೋ ಮಿಸ್. ಯಂತ್ರ ನಮ್ಮೂರ್ದೇ ಕಣ್ ಮಿಸ್!"

ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಅವಳೇ, ಟೀಚರ್ ಆದವಳು ಸುಮ್ಮನಿರಲಾರಳು ನೋಡಿ, ಪಾಠ ಮುಂದುವರಿಸಿದಳು. "ಆದ್ರೆ ರೋಲ್ ನಂಬರ್ರು ಅಂಕಿ ಅಲ್ಲ ಮಿಸ್. ಅಂಕಿ ತರ ಕಾಣ್ತದೆ ಅಷ್ಟೇಯ. ಅದು ಎಸ್ರು. ಅದ್ರಲ್ಲಿ ಸೊನ್ನೆ ಓದ್ರೆ ಆ ಉಡುಗ ಲಿಸ್ಟಲ್ಲೇ ಸಿಕ್ಕಾಕಿಲ್ಲ."

ಹೆಸರು ಎಂದಳಲ್ಲ. ಅರವತ್ತು ವರ್ಷ ಯಾರಿಗೂ ಹೇಳದ ಸಂಗತಿಯನ್ನು ಬೀನ್ಸ್ ನಾರಿನ ನಡುವೆ ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ. ದೊಡ್ಡದೇನಲ್ಲ.

ಅಪ್ಪ ಕೊಣನೂರು ಕಡೆಯವರು. ಸ್ವಲ್ಪ ಜಮೀನು, ಜೊತೆಗೆ ಆಲೂಗೆಡ್ಡೆ ವ್ಯಾಪಾರ. ಕಾನ್ವೆಂಟಿಗೆ ಸೇರಿಸುವಾಗ ತಂದೆಯ ಉದ್ಯೋಗವೇನೆಂದು ಸಿಸ್ಟರ್ ಕೇಳಿದ್ದಕ್ಕೆ ನಾನು "ಆಲೂ" ಎಂದಿದ್ದೆ. ನಮ್ಮ ಕಡೆಯ ಮಕ್ಕಳು ಹಕಾರ ನುಂಗುತ್ತಾರೆಂದು ಅವರಿಗೆ ಗೊತ್ತಿತ್ತು. ನನ್ನ ಪರವಾಗಿ ತಾವೇ ತಿದ್ದಿಕೊಂಡು ರಿಜಿಸ್ಟರಿನಲ್ಲಿ ಮಿಲ್ಕ್ ವೆಂಡರ್ ಎಂದು ಬರೆದರು. ಕೇಳಲಿಲ್ಲ, ಬಲವಂತವನ್ನೂ ಮಾಡಲಿಲ್ಲ.

ಮೊದಲ ವರ್ಷ ಒಂದು ಭಾನುವಾರ, ಅಪ್ಪ ಅಮ್ಮಂದಿರು ಬಂದು ನೋಡುವ ದಿನ, ಅಪ್ಪ ಬಂದರು. ಹಣೆಗೆ ವಿಭೂತಿ, ಇಸ್ತ್ರಿಯ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ. ಪಾರ್ಲರ್ ಎಂಬ ತಂಪಾದ ಕೋಣೆಯಲ್ಲಿ ಬೇರೆ ಹುಡುಗಿಯರ ಮನೆಯವರೂ ಇದ್ದರು. ಸಿಸ್ಟರ್ ಬಹಳ ವಿಶ್ವಾಸದಿಂದ ಕೇಳಿದರು: "ಹಾಲು ಹೇಗಿದೆ ಮಿಸ್ಟರ್ ಬಸಪ್ಪ ಈ ವರ್ಷ?"

ಅಪ್ಪನಿಗೆ ಕೇಳಿಸಿದ್ದು ಆಲೂ. "ಏನೇಳನ ಸಿಸ್ಟರ್, ರೋಗ ಬಂದ್ಬುಡ್ತು. ಅರ್ಧ ಮಣ್ಣೊಳ್ಗೇ ಕೊಳ್ತೋಯ್ತು."

ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಮಣ್ಣೊಳಗೆ?"

"ಊ ಸಿಸ್ಟರ್. ಉಳ್ದಿದ್ನ ಮೂಟೆ ಕಟ್ಟಿ ಇಟ್ಟಿವ್ನಿ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಈಗ ನೆನೆದರೆ ನನಗೂ ನಗು ಬರುತ್ತದೆ. ಆಗ ಬರಲಿಲ್ಲ. ಹತ್ತು ವರ್ಷದವಳು ನಾನು, ಹಕಾರ ಬಂದು ಒಂದು ತಿಂಗಳಾಗಿತ್ತು. ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಕೇಳಿದರು: "ನಮ್ ಒನ್ನಮ್ಮ ಎಂಗ್ ಓದ್ತಾವ್ಳೆ ಸಿಸ್ಟರ್?"

"ಒನ್ನಮ್ಮ ಅಲ್ಲ, ಹೊನ್ನಮ್ಮ," ಎಂದೆ ನಾನು. "ಹೊ. ಹೊ ಅನ್ನಿ ಅಪ್ಪ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಿಸ್ಟರ್ ಕನ್ನಡಕ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡು, ಅವರು ನಮಗೆ ಹಿಡಿಯುತ್ತಿದ್ದ ಹಾಗೆಯೇ, ಅಪ್ಪನ ಬಾಯಿಯ ಮುಂದೆ ಹಿಡಿದೆ. "ಹಾ ಅನ್ನಿ. ಮಂಜು ಬಂದರೆ ಪಾಸು."

ಅಪ್ಪ ಗಾಜನ್ನು ನೋಡಿದರು. ಸಿಸ್ಟರನ್ನು ನೋಡಿದರು. ಆಮೇಲೆ ನನಗೆ ಬೇಸರವಾಗಬಾರದೆಂದು, ಬಾಯಿ ತೆರೆದು "ಆ" ಎಂದರು. ಗಾಜು ತಿಳಿಯಾಗಿಯೇ ಇತ್ತು. ಅದರಾಚೆ ಅವರ ಮೀಸೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು.

ಅದಾದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ಮಗಾ" ಎನ್ನುತ್ತಿದ್ದರು. "ಬಾ ಮಗಾ, ಉಂಡಾ ಮಗಾ." ನಾನು ಅದನ್ನು ಮುದ್ದು ಎಂದೇ ತಿಳಿದಿದ್ದೆ. ಎಲ್ಲ ಅಪ್ಪಂದಿರೂ ಹಾಗೇ ಅಲ್ಲವೆ ಕರೆಯುವುದು. ಅವರು ತೀರಿಕೊಂಡು ವರ್ಷಗಳಾದ ಮೇಲೆ, ಅಮ್ಮ ಒಂದು ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳುತ್ತ ಯಾವುದೋ ಮಾತಿಗೆ ಹೇಳಿದರು: "ನಿಮ್ಮಪ್ಪ ತ್ವಾಟದಲ್ಲಿ ಒಬ್ನೇ ಹೊ, ಹೊ ಅನ್ಕಂಡ್ ಓಡಾಡದು. ಎತ್ತು ಪಾಪ, ತಮ್ಗೇ ಅಂತ ನಿಂತ್ಕಬುಡವು. ಎತ್ಗೆ ಅಂದ್ರೆ ಬತ್ತಿತ್ತು ಕಣವ್ವ. ನಿನ್ನೆಸ್ರಿಗೆ ಅಂದ್ರೆ ಬತ್ತಿರ್ನಿಲ್ಲ."

ಅಷ್ಟು ಹೇಳಿ ಅಮ್ಮ ಸುಣ್ಣದ ಡಬ್ಬಿ ಹುಡುಕಿದರು. ನಾನು ಹುಡುಕಿಕೊಟ್ಟೆ. ಆ ಹೊತ್ತಿಗಾಗಲೇ ನಾನು ಎಲ್ಲ ಕಡೆಯೂ ಮಿಸ್ ಬಸಪ್ಪ ಆಗಿದ್ದೆ. ನನ್ನ ಹೆಸರಿನಲ್ಲಿ ಉಳಿದದ್ದು ಒಂದು ಎಚ್ ಮಾತ್ರ, ಅಪ್ಪನ ಬಾಯಿಗೆ ಬಾರದಿದ್ದ ಆ ಒಂದಕ್ಷರ. ಮಿಕ್ಕದ್ದೆಲ್ಲ ಅವರದೇ.

ಚಂದನಾ ನಾರು ತೆಗೆದ ಬೀನ್ಸನ್ನೇ ಎತ್ತಿ ಮತ್ತೊಮ್ಮೆ ನಾರು ಹುಡುಕಿದಳು. ನಾನು ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡೆ.

"ಹಕಾರದ ಕ್ಲಾಸ್ ಇವತ್ತಿಗೆ ಮುಗಿಯಿತು," ಎಂದೆ.

"ನಾಳೆ ನಗ್ತಾರೆ ಮಿಸ್."

"ನಗಬಹುದು."

"ಕೆಲ್ಸ ಓದ್ರೆ?"

ಓದಿದರೆ ಎಂದಲ್ಲ, ಹೋದರೆ ಎಂದು ಅರ್ಥಮಾಡಿಕೊಳ್ಳಲು ನನಗೆ ಕ್ಷಣವೂ ಹಿಡಿಯಲಿಲ್ಲ. ಆದರೆ ಹೋದರೆ ಹೋಗಲಿ ಎನ್ನಲು ಅದು ನನ್ನ ಕೆಲಸವಲ್ಲ. ನನಗೆ ತಿಂಗಳಿಗೆ ಸರಿಯಾಗಿ ಪೆನ್ಷನ್ ಬರುತ್ತದೆ. "ಗೊತ್ತಿಲ್ಲ," ಎಂದೆ. ಅವಳು ತಲೆಯಾಡಿಸಿ ಮಹಡಿ ಹತ್ತಿದಳು. ಮಧ್ಯಾಹ್ನವೆಲ್ಲ ಮೇಲಿನಿಂದ ಓಡಾಡುವ ಸದ್ದು ಕೇಳುತ್ತಿತ್ತು. ಪಾಠವನ್ನು ಮತ್ತೆ ಕಟ್ಟುತ್ತಿದ್ದಳೆಂದು ತೋರುತ್ತದೆ. ಹಕಾರ ಹಾಕಿಯೋ ಬಿಟ್ಟೋ ನನಗೆ ಕೇಳಿಸಲಿಲ್ಲ, ನನ್ನ ಕಿವಿಯೂ ಮೊದಲಿನಂತಿಲ್ಲ.

ಸೋಮವಾರ ಬೆಳಿಗ್ಗೆ ಕಿಟಕಿಯಲ್ಲಿ ಮುಖ ಕಾಣಿಸಿತು. "ಬತ್ತೀನಿ ಮಿಸ್." ಅಷ್ಟೇ.

ಆ ದಿನ ನಾನು ಬಹಳ ಕೆಲಸ ಮಾಡಿದೆ. ನನಗೇನೂ ಚಿಂತೆಯಿರಲಿಲ್ಲ ಎಂದು ಹೇಳಬಲ್ಲೆ. ಮಸಾಲೆ ಡಬ್ಬಿಗಳನ್ನೆಲ್ಲ ತೊಳೆದು ಲೇಬಲ್ ಅಂಟಿಸಿದೆ, ಸಂಜೆ ನೋಡಿದರೆ ಜೀರಿಗೆಯ ಡಬ್ಬಿಗೆ ಸಾಸಿವೆ ಎಂದು ಬರೆದಿದ್ದೆ. ಕನ್ನಡಕವನ್ನು ಆರು ಸಲ ಒರೆಸಿದೆ.

ಐದೂವರೆಗೆ ಗೇಟು ಸದ್ದಾಯಿತು. ಯಾರೋ ಜೋರಾಗಿ ಕರೆಯುತ್ತಿದ್ದರು. ಪಕ್ಕದ ಮನೆಯವರನ್ನಿರಬೇಕು ಎಂದುಕೊಂಡು ಸುಮ್ಮನಿದ್ದೆ. ಮತ್ತೆ ಕರೆದರು.

"ಒನ್ನಮ್ಮಾರೇ! ಓ ಒನ್ನಮ್ಮಾರೇ!"

ಪಕ್ಕದ ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮೊಣಕಾಲು ಹಿಡಿದುಕೊಂಡು ಎದ್ದು ಹೊರಗೆ ಬಂದೆ. ಚಂದನಾ ಗೇಟು ತೆರೆದೇ ಬಿಟ್ಟು, ಅಂಗಳದ ನಡುವೆ ನಿಂತು, ಉಸಿರು ಬಿಡದೆ ಹೇಳತೊಡಗಿದಳು.

"ಓಗಿದ್ ತಕ್ಷಣ ಬೋರ್ಡ್ ಮೇಲೆ ಆಸನ ಅಂತ ಬರ್ದೆ. ಇದು ಯಾವ್ ಊರ್ರಪ್ಪ ಅಂದೆ. ಉಡುಗ್ರೆಲ್ಲ ಆಸನ ಮಿಸ್ ಅಂದ್ರು, ಒಬ್ರಿಗೂ ತಪ್ಪು ಅಂತ್ಲೇ ಕಾಣ್ನಿಲ್ಲ! ಎಚ್ ಎಲ್ಲಿ ಓಯ್ತು ಅಂದೆ. ಆಗ ನೋಡಿ, ನಗಕ್ ಶುರು ಮಾಡುದ್ರು. ನೀವು ಕೇಳ್ದೆ ತೆಗ್ದಾಕುದ್ರಲ್ಲ, ಯಂತ್ರನೂ ಅಂಗೇ ತೆಗ್ದಾಕ್ತದೆ ಅಂತ ಸೊನ್ನೆ ಸೊನ್ನೆ ಏಳು ತೋರ್ಸ್ದೆ. ಮುದ್ದೆ ಏಳ್ದೆ. ಮೂರು ಸಲ ಬ್ಯಾಡ ಏಳ್ದೆ. ಇಂದಿನ್ ಬೆಂಚಿನ ಉಡುಗ, ಯಾವತ್ತೂ ಬಾಯ್ ಬಿಡದೋನು, ಎದ್ದು ನಿಂತ್ಕಂಡು, ಮಿಸ್ ಅಂಗಾರೆ ಎಸ್ರಿಗೆ ಕೊಟೇಶನ್ ಮಾರ್ಕ್ ಆಕಿ, ಲೆಕ್ಕ ಮಾಡ್ದೆ ಬುಟ್ರೆ ಸೊನ್ನೆ ಉಳೀತದಲ್ವಾ ಅಂದ!"

"ಪ್ರಿನ್ಸಿಪಾಲರು?"

"ಕೊನೇಲಿ ಅಭ್ಯಾಸ ಬಲ, ಡೌಟ್ ಇದ್ರೆ ಏಳಿ ಸಾ ಅಂದ್ಬುಟ್ಟೆ. ಜೀವ ಬಾಯಿಗ್ ಬಂತು ಮಿಸ್. ಅವ್ರು ಎದ್ದು ನಿಂತ್ರು. ಎದ್ದು, 'ಈ ಸಲ ಗೊತ್ತಿದ್ದೇ ಎದ್ದೀನ್ರೀ' ಅಂದ್ರು. ಜೂನ್‌ಗೆ ಆರ್ಡರ್ ಕೊಡ್ತೀವಿ ಅಂದ್ರು."

ಹಾಳೆಯನ್ನೂ ತಂದಿದ್ದಳು. ಅದೇ ಅಚ್ಚುಕಟ್ಟಾದ ಕೈಬರಹ. ಸಬ್ಜೆಕ್ಟ್ ಎಂಬುದರ ಎದುರು ವೆರಿ ಗುಡ್. ಪ್ರನನ್ಸಿಯೇಷನ್ ಎಂಬುದರ ಎದುರು ಲೋಕಲ್ ಎಂದು ಬರೆದು, ಫುಲ್‌ಸ್ಟಾಪ್ ಇಟ್ಟಿದ್ದರು. ಟು ಬಿ ಇಂಪ್ರೂವ್ಡ್ ಎಂದಿರಲಿಲ್ಲ. ನಾನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಪರೀಕ್ಷೆಯ ಪೇಪರ್ ತಿದ್ದಿದವಳಲ್ಲವೆ.

ಚಂದನಾಗೆ ಆಗಷ್ಟೇ ತಾನು ಗೇಟಿನಲ್ಲಿ ಏನೆಂದು ಕೂಗಿದೆ ಎಂಬುದು ನೆನಪಾಗಿರಬೇಕು. ನಾಲಿಗೆ ಕಚ್ಚಿಕೊಂಡಳು. "ಸಾರಿ ಮಿಸ್, ಖುಷೀಲಿ ಬಂದ್ಬುಡ್ತು. ಸರ್ಯಾಗಿ ಕರೀತೀನಿ," ಎಂದು ಬೆನ್ನು ನೆಟ್ಟಗೆ ಮಾಡಿ, ನಾನು ಮೂರು ವಾರ ಕಲಿಸಿದ ಹಾಗೆಯೇ, ಎದೆಯ ತುಂಬ ಉಸಿರೆಳೆದುಕೊಂಡಳು.

"ಬೇಡ," ಎಂದೆ.

ಅವಳು ಉಸಿರು ಹಿಡಿದೇ ನನ್ನ ಮುಖ ನೋಡಿದಳು. ಉಪಚಾರಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಿರಬೇಕು.

"ಬೇಡ," ಎಂದೆ. ಕನ್ನಡಕಕ್ಕೆ ಯಾಕೋ ತನ್ನಷ್ಟಕ್ಕೇ ಮಂಜು ಕವಿದಿತ್ತು. ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮೂರನೆಯ ಸಲವೂ ಹೇಳಿದೆ.

"ಬೇಡ."